ಎರಡು ಬೆರಳಿನ ಸಂದು

ಬೀದರದ ಗಾಡಿ ಹಲಬರ್ಗಾ ಬಿಟ್ಟಿದೆ ಎಂದು ಟಿಕೆಟ್ ಕಿಟಕಿಯವನು ಹೇಳಿದ ಕೂಡಲೇ ಪಂಢರಿಯ ಬಾಯಿ ಒಣಗಿತು. ಭಾಲ್ಕಿ ಸ್ಟೇಷನ್ನಿನ ನಲ್ಲಿಯಲ್ಲಿ ಹೋಳಿ ಹುಣ್ಣಿಮೆಯಿಂದೀಚೆಗೆ ನೀರಿಲ್ಲವೆಂಬುದು ಬೇರೆ ಯಾರಿಗಿಂತಲೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ನೀರಿನ ಕೆಲಸದಲ್ಲಿಯೇ ಹನ್ನೊಂದು ವರ್ಷ ಕಳೆದವನು ಅವನು. ಆದರೂ ಎದ್ದು ಹೋಗಿ ನಲ್ಲಿ ತಿರುಗಿಸಿದ, ಕೈಯೊಡ್ಡಿ ನಿಂತ, ಏನೂ ಬರದಾಗ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ. ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹೈದರಾಬಾದಿನ ಕಡೆಯ ಗಾಡಿಗೆ ಕಾಯುವವರು ಗಂಟುಮೂಟೆ ಕಟ್ಟಿಕೊಂಡು, ರೊಟ್ಟಿಯ ಹಂಚನ್ನೂ ಗಂಟಿನ ಮೇಲೆ ಹೇರಿಕೊಂಡು ಕುಳಿತಿದ್ದರು. ಎರಡು ಸಾವಿರದ ಹದಿನಾರನೆಯ ಇಸವಿಯ ಆ ಏಪ್ರಿಲಿನಲ್ಲಿ ಹಳ್ಳಿಗಳ ಮನೆಗಳಿಗೆ ಬೀಗ ಬೀಳುತ್ತಿದ್ದವು. ಪಂಢರಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒದ್ದೆಯಾಗದ ಕೈಯನ್ನು ಒರೆಸಿಕೊಂಡೆನಲ್ಲ ಎಂದು ಆಮೇಲೆ ಹೊಳೆದು ನಾಚಿಕೆಯಾಯಿತು. ಈಚೆಗೆ ಈ ಬಲಗೈ ಅವನ ಮಾತನ್ನೇ ಕೇಳುತ್ತಿರಲಿಲ್ಲ. ಊಟ ಮಾಡುವಾಗ, ಮಾತಾಡುವಾಗ, ಸುಮ್ಮನೆ ಕುಳಿತಾಗ ಕೂಡ ಅದರ ತೋರುಬೆರಳು ಮತ್ತು ನಡುಬೆರಳು ಜೋಡಿಯಾಗಿ ನಿಂತು ಏನನ್ನೋ ಅಳೆಯುತ್ತಿದ್ದವು.

ಗಾಡಿಯಲ್ಲಿ ಬರುತ್ತಿದ್ದವರು ದಸ್ತಗೀರ ಉಸ್ತಾದರು. ಎಪ್ಪತ್ತು ದಾಟಿದವರು. ನೌಬಾದದ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಪೈಪು ವಾಲ್ವುಗಳ ಕೆಲಸ ಮಾಡಿ, ಕಾರ್ಖಾನೆ ಮುಚ್ಚಿದ ಮೇಲೆಯೂ ಅವರಿವರು ಕರೆದಲ್ಲಿಗೆ ಹೋಗಿ ಕೈಯಾಡಿಸಿ ಬರುವವರು. ಪಂಢರಿಗೆ ಕೆಲಸ ಕಲಿಸಿದವರು ಅವರೇ. ಹೋದ ದೀಪಾವಳಿಯ ಹೊತ್ತಿಗೆ ಮಾಂಜರಾ ದಂಡೆಯ ಪಂಪ್‌ಹೌಸಿನಲ್ಲಿ ಹೊಸ ಬಾಲ್ ವಾಲ್ವುಗಳನ್ನು ಕೂಡಿಸುವುದಿದ್ದಾಗ, ಅಲ್ಲಿ ನೀರು ಬಿಡುವ ಕೆಲಸದಲ್ಲಿದ್ದ ಪಂಢರಿಯೇ ಇಂಜಿನಿಯರ್ ಮಡೆಪ್ಪ ಸಾಹೇಬರ ಮುಂದೆ ಅವರ ಹೆಸರು ಹೇಳಿದ್ದ. ಮೂರು ಊರಿಗೆ ಮೂರು ವಾಲ್ವು. ಉಸ್ತಾದರು ಬಂದು ಎರಡು ದಿನ ಇದ್ದು, ಪೈಪುಗಳನ್ನು ನೀರು ಬಿಟ್ಟು ತೊಳೆಸಿ, ಬೋಲ್ಟುಗಳನ್ನು ಒಂದಾದ ಮೇಲೆ ಅದರ ಎದುರಿನದನ್ನು ಬಿಗಿಸಿ, ಹಿಡಿಕೆಯನ್ನು ನಾಲ್ಕು ಸಲ ಅತ್ತಿತ್ತ ತಿರುಗಿಸಿ, "ಬೆಣ್ಣಿ ಹಂಗ ಅದ" ಎಂದು ಹೇಳಿ ಹೋಗಿದ್ದರು. ಈಗ ಆ ಮೂರರಲ್ಲಿ ಮೆಹಕರದ ವಾಲ್ವು ಸೋರುತ್ತಿತ್ತು. ಪೂರಾ ಮುಚ್ಚಿದರೂ ಮುಚ್ಚುತ್ತಿರಲಿಲ್ಲ. ಮೊನ್ನೆ ಮಡೆಪ್ಪ ಸಾಹೇಬರು ಬಂದು ಹಿಡಿಕೆಯನ್ನು ತಾವೇ ಒತ್ತಿ ನೋಡಿ, ಪೈಪಿಗೆ ಕಿವಿಯಿಟ್ಟು ಒಳಗಿನ ಸುಂಯ್ ಸದ್ದನ್ನು ಕೇಳಿ ಹೇಳಿದ್ದರು: "ನಿಮ್ಮ ಉಸ್ತಾದಗ ವಯಸ್ಸಾಗ್ಯಾದ ಪಂಢರಿ. ಕಣ್ಣು ಕಾಣಂಗಿಲ್ಲೇನೋ. ಔರಾದದ ಕೆಲಸಕ್ಕ ಅವರನ್ನ ಕರೀಬೇಕಂತಿದ್ದೆ, ಬ್ಯಾಡ ಬಿಡು. ಏನಂತಿ?" ಆಗ ಪಂಢರಿ ಹೇಳಿದ್ದು ಒಂದೇ ಮಾತು. "ಹೌದ್ರಿ."

ಆ ಹೌದ್ರಿ ಎರಡು ದಿನದಿಂದ ಅವನ ಬೆನ್ನು ಬಿಟ್ಟಿರಲಿಲ್ಲ. ಬೇರೆಯವರ ಮಾತಿಗೆ ಹೌದ್ರಿ ಅನ್ನುವುದು ಬಾಯಿಗೆ ಅಂಟಿದ ರೂಢಿ, ಅದರಲ್ಲಿ ತನ್ನದೇನಿದೆ ಎಂದು ಸಮಾಧಾನ ಹೇಳಿಕೊಂಡ. ಆದರೆ ಸಾಹೇಬರು ಹೋದ ಮೇಲೆ ಅವನೇ ಫೋನು ಹಚ್ಚಿ ಉಸ್ತಾದರಿಗೆ ಸುದ್ದಿ ಮುಟ್ಟಿಸಿದಾಗ ಆ ಕಡೆ ಅವರ ಹೆಂಡತಿ ರಹೀಮುನ್ನಿಸಾ ಭಾಭಿ ಯಾರಿಗೋ ಏನೋ ಹೇಳುತ್ತಿದ್ದುದು, ಕೋಳಿಯೊಂದು ಕೂಗಿದ್ದು ಕೇಳಿಸಿತು. ಕೊನೆಗೆ ಉಸ್ತಾದರು, "ನಾ ಬರ್ತೇನಿ. ನನ್ನ ಎದುರಿಗೇ ಬಿಚ್ಚರಿ," ಎಂದಿದ್ದರು.

ಗಾಡಿ ಬಂತು. ಉಸ್ತಾದರು ಕ್ಯಾನ್ವಾಸಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ ಹಿಡಿದು ಇಳಿದರು. ಇಳಿದವರೇ ಡಬ್ಬಿಯನ್ನು ಪಂಢರಿಯ ಕೈಗೆ ತುರುಕಿದರು. "ನಿಮ್ಮ ಭಾಭಿ ಪುಂಡಿಪಲ್ಯ ಮಾಡಿ ಕಳಿಸ್ಯಾಳ. ಪಂಢರಿ ಸೊರಗ್ಯಾನ, ಫೋನಿನಾಗ ಅವನ ಆವಾಜ್ ಕೇಳಿದ್ರೇ ಗೊತ್ತಾಗ್ತದ ಅಂತಾಳ. ಹೌದೇನೋ? ಸೊರಗೀದಿ?" ಪಂಢರಿ ನಗಲು ನೋಡಿದ. ಡಬ್ಬಿ ಇನ್ನೂ ಬೆಚ್ಚಗಿತ್ತು.

ಮೋಟಾರ್ ಸೈಕಲ್ಲಿನ ಹಿಂದೆ ಉಸ್ತಾದರು ಅವನ ಹೆಗಲು ಹಿಡಿದು ಕುಳಿತರು. ಮೆಹಕರದ ದಾರಿಯುದ್ದಕ್ಕೂ ಹೊಲಗಳು ಬಿರಿದು ಬಿದ್ದಿದ್ದವು. ತೊಗರಿ ಕಟ್ಟಿಗೆಯೂ ಉಳಿದಿರಲಿಲ್ಲ. ಹೆಗಲ ಮೇಲಿನ ಆ ಕೈಯ ಭಾರವನ್ನು ಪಂಢರಿ ಹತ್ತೊಂಬತ್ತನೆಯ ವಯಸ್ಸಿನಿಂದ ಬಲ್ಲ. ನೌಬಾದದ ಕಾರ್ಖಾನೆಗೆ ಸೇರಿದ ಮೊದಲನೆಯ ವಾರ ಅದೇ ಕೈ ಅವನ ಕಣ್ಣಿಗೆ ಅರಿವೆ ಕಟ್ಟಿ, ಬಿಚ್ಚಿದ ವಾಲ್ವೊಂದನ್ನು ಮುಂದಿಟ್ಟು, "ಮುಟ್ಟು. ಎಲ್ಲಿ ಗಾಯ ಆಗ್ಯಾದ, ಹೇಳು," ಎಂದಿತ್ತು. ಒಳಗೊಂದು ಉಕ್ಕಿನ ಗುಂಡು, ಗುಂಡಿನ ನಡುವೆ ಆರಪಾರ ತೂತು, ಗುಂಡಿನ ಎರಡೂ ಮಗ್ಗುಲಿಗೆ ಬಿಳಿ ಬಳೆಯಂತೆ ಒತ್ತಿಕೊಂಡ ಸೀಟು. ಹಿಡಿಕೆ ಪೈಪಿನಗುಂಟ ನಿಂತರೆ ನೀರು ಹಾಯುತ್ತದೆ, ಅಡ್ಡ ನಿಂತರೆ ನಿಲ್ಲುತ್ತದೆ. ಕಾಲು ಸುತ್ತು, ಅಷ್ಟೇ ಅದರ ಆಟ. ಅವನು ಬೆರಳಾಡಿಸಿ ಆಡಿಸಿ ಸೀಟಿನ ಮೇಲಿನ ಕೂದಲೆಳೆಯ ಗೀರನ್ನು ಹಿಡಿದಾಗ ಉಸ್ತಾದರು ಅರಿವೆ ಬಿಚ್ಚಿ, ಆಚೀಚೆಯವರನ್ನೆಲ್ಲ ಕೂಗಿ ಕರೆದಿದ್ದರು. ಅದೇ ಮಧ್ಯಾಹ್ನ ಕ್ಯಾಂಟೀನಿನಲ್ಲಿ ನೀರು ಕೊಡುವವನು ಪಂಢರಿಯ ಊರು, ಓಣಿ ಕೇಳಿಕೊಂಡು ಗ್ಲಾಸನ್ನು ನೆಲದ ಮೇಲೆ ಇಟ್ಟಿದ್ದ. ಉಸ್ತಾದರು ಬಗ್ಗಿ ಅದನ್ನು ಎತ್ತಿಕೊಂಡು, ಅರ್ಧ ತಾವು ಕುಡಿದು, ಉಳಿದರ್ಧವನ್ನು ಅವನಿಗೆ ಕೊಟ್ಟು, ಏನೂ ಆಗಿಲ್ಲವೆಂಬಂತೆ ಕ್ರಿಕೆಟ್ಟಿನ ಮಾತು ತೆಗೆದಿದ್ದರು. ಯಾರ ಜೊತೆಗೂ ಜಗಳವಾಡಲಿಲ್ಲ. ಮರುದಿನದಿಂದ ಗ್ಲಾಸು ಮೇಜಿನ ಮೇಲೆ ಬಂತು. "ಹಳ್ಳ ಅದ ನೋಡಿ ನಡಸು," ಎಂದು ಹಿಂದಿನಿಂದ ಉಸ್ತಾದರು ಕೂಗಿದರು. ಪಂಢರಿ ಹಳ್ಳ ನೋಡಿರಲೇ ಇಲ್ಲ.

ಬಲಗೈಯ ಆ ಅಳೆಯುವ ಚಾಳಿ ಶುರುವಾದದ್ದು ಫೆಬ್ರುವರಿಯಲ್ಲಿ. ಮೆಹಕರ ಅವನ ಹುಟ್ಟೂರು. ಊರ ಮೂಡಣಕ್ಕೆ ದಿಬ್ಬದ ಮೇಲೆ ದಲಿತರ ಕೇರಿ, ಅವರು ಬೌದ್ಧರಾದ ಮೇಲೆ ಬೌದ್ಧರ ಓಣಿ. ಅಲ್ಲಿ ಅವನ ಅಕ್ಕ ಕೇಶರಬಾಯಿ ಇದ್ದಾಳೆ. ಅವ್ವ ಸತ್ತಾಗ ಏಳು ವರ್ಷದವನಾಗಿದ್ದ ಪಂಢರಿಯನ್ನು ಬಗಲಲ್ಲಿ ಕೂಡಿಸಿಕೊಂಡು ಬೆಳೆಸಿದವಳು ಅವಳೇ. ಆ ವರ್ಷ ಓಣಿಯ ಗಂಡಾಳು ಹೆಣ್ಣಾಳು ಎಲ್ಲ ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವಾಗ, ಸಾಲಿ ಕಲಿಯುವ ಮಕ್ಕಳನ್ನು ಅವಳ ಮನೆಯಲ್ಲಿ ಬಿಟ್ಟು ಹೋಗಿದ್ದರು. ಅವಳವೇ ಇಬ್ಬರು ಮೊಮ್ಮಕ್ಕಳು, ಮಂದಿಯ ಮಕ್ಕಳು ಏಳು. ಅವನು ಹೋದಾಗ ಅಕ್ಕ ತಂಬಿಗೆ ತುಂಬ ನೀರು ಕೊಟ್ಟಳು. ಬಿಸಿಲಲ್ಲಿ ಬಂದವನು ಗಟಗಟ ಕುಡಿದ. ತಂಬಿಗೆ ಕೆಳಗಿಳಿಸಿದಾಗ ಒಂಬತ್ತು ಮಕ್ಕಳು ಗೋಡೆಗುಂಟ ನಿಂತು ಅವನ ಗಂಟಲನ್ನೇ ನೋಡುತ್ತಿದ್ದುದು ಕಂಡಿತು. ಅಕ್ಕ, "ಇನ್ನಷ್ಟು ಕೊಡಲ್ಯಾ?" ಎಂದಳು. ಅವಳ ಮನೆಯ ಪಾತ್ರೆಗಳು ಬೂದಿಯಿಂದ ತಿಕ್ಕಿ ಅರಿವೆಯಿಂದ ಒರೆಸಿಟ್ಟವು, ತೊಳೆದವಲ್ಲ, ಎಂಬುದನ್ನು ಅವನು ಆಗ ನೋಡಿದ. ನಾಲ್ಕು ದಿನಕ್ಕೊಮ್ಮೆ ಮೆಹಕರಕ್ಕೆ ಎರಡು ತಾಸು ನೀರು ಬಿಡುವವನು ಅವನೇ. ಆದರೆ ಆ ಎರಡು ತಾಸು ಕೆಳಗಿನ ಓಣಿಗಳ ನಲ್ಲಿಗಳೆಲ್ಲ ತೆರೆದಿರುತ್ತವೆ, ಕೆಲವರು ಮೋಟಾರು ಹಚ್ಚಿ ಎಳೆಯುತ್ತಾರೆ. ದಿಬ್ಬಕ್ಕೆ ನೀರು ಏರುವುದಿಲ್ಲ. ಅಕ್ಕನೂ ಓಣಿಯ ಹೆಂಗಸರೂ ಒಂದು ಹರದಾರಿ ನಡೆದು ನದಿಯ ಪಾತ್ರದಲ್ಲಿ ವರತೆ ತೋಡುತ್ತಿದ್ದರು.

ಮುಂದಿನ ಸರತಿಗೆ ಮೆಹಕರದ ವಾಲ್ವು ಮುಚ್ಚುವಾಗ ಅವನ ಕೈ, ಹಿಡಿಕೆ ಪೂರಾ ಅಡ್ಡ ಬರುವ ಮೊದಲೇ ನಿಂತಿತು. ಎರಡು ಬೆರಳಿನಷ್ಟು ಸಂದು. ನೋಡಿದವರಿಗೆ ಮುಚ್ಚಿದಂತೆಯೇ ಕಾಣಬೇಕು. ಕೆಳಗಿನವರು ಸರತಿ ಮುಗಿಯಿತೆಂದು ನಲ್ಲಿ ಕಟ್ಟಿ ಹೋದ ಮೇಲೆ ಆ ಸಂದಿನಿಂದ ಜಿನುಗಿದ ನೀರು ಪೈಪು ತುಂಬಿಕೊಳ್ಳುತ್ತ, ಮೆಲ್ಲಗೆ ದಿಬ್ಬ ಏರಿ, ಅಕ್ಕನ ಮನೆಯ ಮುಂದಿನ ನಲ್ಲಿಯಲ್ಲಿ ಕಿರುಬೆರಳು ದಪ್ಪದ ಧಾರೆಯಾಗಿ ಬೀಳತೊಡಗಿತು. ಬಾಲ್ ವಾಲ್ವನ್ನು ಅರೆತೆರೆದು ಇಡಬಾರದು, ಸಂದಿನಲ್ಲಿ ನುಗ್ಗುವ ನೀರು ಚಾಕುವಿನಂತೆ ಸೀಟನ್ನು ಕೊಯ್ಯುತ್ತದೆ ಎನ್ನುವುದು ಉಸ್ತಾದರು ಕಲಿಸಿದ ಮೊದಲ ಪಾಠಗಳಲ್ಲೊಂದು. ಗೊತ್ತಿದ್ದೇ ಮಾಡಿದ. ಒಂದು ವಾರ, ಎಂದುಕೊಂಡ. ಆಮೇಲೆ ಇನ್ನೊಂದು ವಾರ. ಅಕ್ಕ ಫೋನು ಮಾಡಿ, "ತಮ್ಮಾ, ಆ ನಿಮ್ಮ ಉಸ್ತಾದನ ಕೈಯಾಗ ಬರಕತ್ ಅದ ನೋಡು! ಅವರು ಹಾಕಿದ ವಾಲ ಬಂದ್ ಮಾಡಿದ್ರೂ ನೀರು ಕೊಡ್ತದ," ಎಂದಾಗ ಎದೆ ತುಂಬಿ ಬಂದಿತ್ತು, ಜೊತೆಗೆ ಅಂಜಿಕೆಯೂ ಆಗಿತ್ತು. ಹತ್ತು ದಿನದ ಹಿಂದೆ ಹೆದರಿ ಹಿಡಿಕೆಯನ್ನು ಪೂರಾ ಒತ್ತಿದ. ನೀರು ನಿಲ್ಲಲಿಲ್ಲ. ಅಷ್ಟರಲ್ಲಿ ಇದೇ ಲೈನಿನ ಕೊನೆಯ ಊರಿನವರು, ತಮಗೆ ಅರ್ಧ ನೀರೂ ಮುಟ್ಟುತ್ತಿಲ್ಲವೆಂದು ಬಂದು ಮಡೆಪ್ಪ ಸಾಹೇಬರ ಜೀಪಿಗೆ ಅಡ್ಡ ನಿಂತಿದ್ದರು.

ಪಂಪ್‌ಹೌಸಿನ ಮುಂದೆ ಬೇವಿನ ನೆರಳಿನಲ್ಲಿ ಮಡೆಪ್ಪ ಸಾಹೇಬರು ನಿಂತೇ ಇದ್ದರು. ನಲವತ್ತರ ಮನುಷ್ಯ, ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಕಿವಿಗೆ ಫೋನು ಅಂಟಿಕೊಂಡೇ ಇತ್ತು. ಎಲ್ಲಿಗೆ ಟ್ಯಾಂಕರು, ಎಲ್ಲಿಗೆ ಇಲ್ಲ ಎಂದು ದಿನವಿಡೀ ಹೇಳಿ ಹೇಳಿ ದನಿ ಒಡೆದಿತ್ತು. "ಬರ್ರಿ ಚಾಚಾ," ಎಂದರು. ಬಿರುಸಾಗಿ ಅನ್ನಲಿಲ್ಲ. ಅದೇ ಪಂಢರಿಯನ್ನು ಹೆಚ್ಚು ಚುಚ್ಚಿತು. ಪಕ್ಕದಲ್ಲಿ ಹೊಸ ವಾಲ್ವಿನ ಪೆಟ್ಟಿಗೆ ಒಡೆದು ಇಟ್ಟಿತ್ತು. ಪಂಪು ಬಂದ್ ಮಾಡಿ, ಪೈಪಿನಲ್ಲಿ ಉಳಿದ ನೀರನ್ನು ಕೊಡಗಳಿಗೆ ಬಿಟ್ಟುಕೊಂಡು, ಪಂಢರಿ ವಾಲ್ವಿದ್ದ ಗುಂಡಿಗೆ ಇಳಿದ. ಹಿಂದೆಯೇ ಉಸ್ತಾದರೂ ಗೋಡೆ ಹಿಡಿದು ಇಳಿದರು. ಸೊಂಟದಷ್ಟು ಆಳದ ಆ ಇಟ್ಟಂಗಿಯ ಗುಂಡಿಯಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಬೋಲ್ಟು ಬಿಚ್ಚಿದರು. ಉಸ್ತಾದರು ಬೋಲ್ಟು ತಿರುವುವ ಪಾನಾ ಕೇಳಿದರೆ ಕೊಡುತ್ತಿದ್ದ, ಕೇಳುವ ಮೊದಲೂ ಕೊಡುತ್ತಿದ್ದ. ಆ ಅರ್ಧ ತಾಸು ಏನೂ ಆಗಿಲ್ಲವೆನ್ನುವ ಹಾಗೆ ಅವರ ಕೈಗಳು ಹಳೆಯ ದಿನಗಳಲ್ಲಿ ಇದ್ದವು. ಈ ಬೋಲ್ಟುಗಳು ಮುಗಿಯದಿರಲಿ ಎಂದು ಪಂಢರಿ ಮನಸ್ಸಿನಲ್ಲಿಯೇ ಬೇಡಿಕೊಂಡ.

ವಾಲ್ವು ಹೊರಬಂತು. ಉಸ್ತಾದರು ಕನ್ನಡಕ ಹಾಕಿಕೊಳ್ಳಲಿಲ್ಲ. ತೋರುಬೆರಳನ್ನು ಒಳಗಿಟ್ಟು ಸೀಟಿನ ಸುತ್ತ ಮೆಲ್ಲಗೆ ಆಡಿಸಿದರು. ಅರ್ಧ ಸುತ್ತು ಸಲೀಸಾಗಿ ಹೋದ ಬೆರಳು ಒಂದು ಕಡೆ ನಿಂತಿತು. ಮತ್ತೆ ಹಿಂದೆ ಬಂತು, ಮತ್ತೆ ನಿಂತಿತು. ಸೀಟಿನ ಒಂದೇ ಮಗ್ಗುಲಿಗೆ, ಉಗುರು ಕತ್ತರಿಸಿ ಬಿಸಾಡಿದ ಚೂರಿನಂಥ ಬಾಗಿದ ಗಾಯ. ಹರಳು ಸಿಕ್ಕಿ ಆದ ಗೀರು ಹೀಗಿರುವುದಿಲ್ಲ. ವೆಲ್ಡಿಂಗಿನ ಕಿಟ್ಟ ಮಾಡಿದ ಗಾಯವೂ ಹೀಗಿರುವುದಿಲ್ಲ. ಇದು ದಿನಗಟ್ಟಲೆ ಒಂದೇ ಸಂದಿನಿಂದ ಹಾಯ್ದ ನೀರಿನ ಗಾಯ. ಹತ್ತೊಂಬತ್ತು ವರ್ಷದ ಹುಡುಗನಿಗೂ ಕಣ್ಣು ಕಟ್ಟಿ ಕೊಟ್ಟಿದ್ದರೆ ಗೊತ್ತಾಗುತ್ತಿತ್ತು. ಉಸ್ತಾದರು ತಲೆಯೆತ್ತಿದರು. ಪಂಢರಿಯ ಮುಖ ನೋಡಲಿಲ್ಲ. ಅವನ ಬಲಗೈ ನೋಡಿದರು. ಆ ಕೈಯ ಎರಡು ಬೆರಳು ಪಾನಾದ ಮೇಲೂ ಜೋಡಿಯಾಗಿ ನಿಂತು ಅದೇ ಸಂದನ್ನು ಅಳೆಯುತ್ತಿದ್ದವು.

"ಏನಂತದ ಚಾಚಾ?" ಎಂದು ಮೇಲಿನಿಂದ ಮಡೆಪ್ಪ ಸಾಹೇಬರು ಬಗ್ಗಿದರು.

"ಸೀಟ್ ಹೋಗ್ಯಾದ್ರಿ ಸಾಹೇಬ್ರ."

"ಯಾಕ ಹೋಯ್ತ್ರಿ? ಆರು ತಿಂಗಳಾಗಿಲ್ಲ. ಪೈಪ್ ನೆಟ್ಟಗ ತೊಳಿಲಿಲ್ಲೇನು? ಕಸ ಸಿಕ್ಕಿತ್ತೇನು?"

ಉಸ್ತಾದರು ಬೆರಳನ್ನು ಅಂಗಿಗೆ ಒರೆಸಿಕೊಂಡರು. "ಇರಬಹುದ್ರಿ," ಎಂದರು. "ನಂದೇ ತಪ್ಪು ಇರಬಹುದು. ವಯಸ್ಸಾಯ್ತಲ್ರಿ."

ಇಪ್ಪತ್ತೇಳು ವರ್ಷದಲ್ಲಿ ಯಾವ ವಾಲ್ವಿನ ವಿಷಯಕ್ಕೂ ಉಸ್ತಾದರ ಬಾಯಲ್ಲಿ ಇರಬಹುದು ಎಂಬ ಮಾತನ್ನು ಪಂಢರಿ ಕೇಳಿರಲಿಲ್ಲ. ಹೇಳಬೇಕೆಂದು ಅವನ ನಾಲಿಗೆ ಎದ್ದಿತು. ಸಾಹೇಬರ ಮುಖ ಕಂಡಿತು, ಜೀಪಿಗೆ ಅಡ್ಡ ನಿಂತ ಮಂದಿ ಕಂಡರು, 'ಕೆಲಸ ಕೊಟ್ಟರೆ ತನ್ನ ಮಂದಿಗೆ ಕದ್ದು ಹಾಕಿದ' ಎಂದು ಯಾರೋ ಅಂದಂತೆ ಕಿವಿಗೆ ಕೇಳಿಸಿತು. ನಾಲಿಗೆ ಕುಳಿತುಬಿಟ್ಟಿತು. ಹೊಸ ವಾಲ್ವು ಕೂಡಿಸಿ ಪಂಪು ಹಚ್ಚಿದರು. ಕೊನೆಯಲ್ಲಿ ಉಸ್ತಾದರು ಹಿಡಿಕೆಯನ್ನು ತಾವೇ ಹಿಡಿದು, ಅವಸರ ಮಾಡದೆ, ಪೂರಾ ಅಡ್ಡಕ್ಕೆ ತಂದು ನಿಲ್ಲಿಸಿದರು. ಟಕ್ ಎಂದು ಸಣ್ಣ ಸದ್ದಾಯಿತು. ಸುಂಯ್ ನಾದ ಇರಲಿಲ್ಲ. ದಿಬ್ಬದ ಮೇಲಿನ ನಲ್ಲಿ ಇನ್ನು ಒಣಗಿಯೇ ಇರುವುದು ಪಂಢರಿಯ ಕಣ್ಣಿಗೆ ಇಲ್ಲಿಂದಲೇ ಕಟ್ಟಿತು.

"ಊಟಕ್ಕ ಎಲ್ಲಿ?" ಎಂದು ಉಸ್ತಾದರು ಗುಂಡಿಯಿಂದ ಏರಿ ಕೇಳಿದರು. "ನಿಮ್ಮ ಅಕ್ಕನ ಮನಿ ಇಲ್ಲೇ ಅಲ್ಲೇನು? ನಡಿ." ಪಂಢರಿ ಮೋಟಾರ್ ಸೈಕಲ್ ಹೊರಳಿಸಿದ.

ಅಕ್ಕನ ಮನೆಯ ಮುಂದೆ ನಲ್ಲಿಯ ಕೆಳಗಿನಿಂದ ಓಣಿಯ ತಿರುವಿನವರೆಗೆ ಕೊಡಗಳು ಪಾಳಿ ಹಚ್ಚಿದ್ದವು. ಮೊದಲನೆಯ ಕೊಡ ಅರ್ಧ ತುಂಬಿತ್ತು. ಅದರ ಮೇಲೆ ನಲ್ಲಿ ಬಾಯಿ ತೆರೆದುಕೊಂಡು ಸುಮ್ಮನಿತ್ತು. ಮಕ್ಕಳು ಸುತ್ತ ಕುಳಿತು ಅದನ್ನೇ ನೋಡುತ್ತಿದ್ದರು. ಕೇಶರಬಾಯಿ ಸೆರಗು ಸರಿಪಡಿಸಿಕೊಂಡು ಹೊರಗೆ ಬಂದಳು. "ಬರ್ರಿ ಭಾಯಿ, ಬರ್ರಿ. ನಿಮ್ಮ ಹೆಸರು ತೊಗೊಳ್ಳಲಾರದ ದಿನ ಇಲ್ಲ ನಮ್ಮ ಓಣ್ಯಾಗ. ಇವತ್ತೊಂದಿನ ಯಾಕೋ ನಿಂತದ, ಈಗ ಒಂದು ತಾಸಾಯ್ತು. ಬರ್ತದ ಬಿಡ್ರಿ." ಒಳಗೆ ಕೂಡಿಸಿ ಗ್ಲಾಸಿನಲ್ಲಿ ನೀರು ತಂದುಕೊಟ್ಟಳು. ಉಸ್ತಾದರು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಕುಡಿಯಲಿಲ್ಲ. ಗೋಡೆಗುಂಟ ಮಕ್ಕಳು. ಉಸ್ತಾದರು ಒಂದೊಂದೇ ಮುಖ ನೋಡಿ ಎಣಿಸುತ್ತಿದ್ದಂತೆ ಪಂಢರಿಗೆ ಅನಿಸಿತು.

"ಬಹೆನ್, ನಿಮ್ಮ ಊರ ಸರತಿ ದಿನ ಇಲ್ಲಿ ನೀರು ಬರಂಗಿಲ್ಲೇನ್ರಿ?"

"ಎಲ್ಲಿದ್ರಿ ಭಾಯಿ! ದಿಬ್ಬ ಏರಂಗೇ ಇಲ್ಲ. ಮೂರು ವರ್ಷ ಆಯ್ತು."

"ಮತ್ತ ಯಾರಿಗಿ ಹೇಳೀರಿ?"

ಕೇಶರಬಾಯಿ ನಕ್ಕಳು. ಕೇಳಬಾರದ್ದನ್ನು ಕೇಳಿದ ಮಗುವಿನ ಕಡೆ ನಗುವಂತೆ. "ನಮ್ಮ ಪಂಢರಿನೇ ಅಲ್ಲಿ ಹಾನಲ್ರಿ. ಬ್ಯಾರೆ ಯಾರಿಗಿ ಹೇಳಬೇಕ್ರಿ? ಅವನಿಗಿ ಎಲ್ಲ ಗೊತ್ತದ."

ಪಂಢರಿ ಎದ್ದು ಹೊರಗೆ ಬಂದ. ಕೊಡಗಳ ಪಾಳಿಯ ಪಕ್ಕದಲ್ಲಿ, ಬಿಸಿಲಲ್ಲಿ ನಿಂತ. ಮೂರು ವರ್ಷ. ಮೂರು ವರ್ಷದಲ್ಲಿ ಸಾಹೇಬರು ಬಂದು 'ಎಲ್ಲಾ ಓಣಿಗಿ ಮುಟ್ಟತದಲ್ಲ ಪಂಢರಿ' ಎಂದು ಕೇಳಿದಾಗಲೆಲ್ಲ ಅವನು ಹೌದ್ರಿ ಎಂದಿದ್ದ. ತನ್ನ ಓಣಿಯ ಹೆಸರನ್ನು ತನ್ನ ಬಾಯಿಂದ ತೆಗೆಯಲು ಅವನಿಗೆ ಆಗುತ್ತಿರಲಿಲ್ಲ. ತೆಗೆದರೆ ತನ್ನ ಅಂಗಿ, ಪ್ಯಾಂಟು, ಜೇಬಿನ ಪೆನ್ನು ಎಲ್ಲ ಕಳಚಿ ಬಿದ್ದು, ನೆಲದ ಮೇಲಿನ ಗ್ಲಾಸಿನ ಮುಂದೆ ಮತ್ತೆ ಹತ್ತೊಂಬತ್ತು ವರ್ಷದವನಾಗಿ ನಿಲ್ಲಬೇಕಾಗುತ್ತದೆಂಬ ಹೆದರಿಕೆ. ಉಸ್ತಾದರು ಬಂದು ಪಕ್ಕದಲ್ಲಿ ನಿಂತಿದ್ದು ಅವರ ಬೀಡಿಯ ವಾಸನೆಯಿಂದ ತಿಳಿಯಿತು.

"ನಾನೇ ಉಸ್ತಾದ್," ಎಂದ ಪಂಢರಿ. "ಎರಡು ಬೆರಳು ಬಿಟ್ಟಿದ್ದೆ. ಎರಡು ತಿಂಗಳು."

"ಗೊತ್ತದ."

"ಮತ್ತ ಸಾಹೇಬ್ರ ಮುಂದ ಯಾಕ ಹಂಗ ಅಂದ್ರಿ?"

"ನಿನ್ನ ಬೆರಳೇ ಎಲ್ಲ ಹೇಳ್ಲತಿದ್ವು. ನನಗ ನೋಡ್ಲಾಕ ಆಗಲಿಲ್ಲ." ಉಸ್ತಾದರು ಬೀಡಿ ಆರಿಸಿದರು. "ಈಗ ನಾ ಸಿಟ್ಟಾಗೀನಿ, ಕೇಳು. ಸೀಟ್ ಹಾಳು ಮಾಡೀದಿ ಅಂತ ಅಲ್ಲ. ಸೀಟ್ ಬ್ಯಾರೆ ಸಿಗ್ತದ. ಹಕ್ಕಿನ ನೀರು ಬೇಟಾ ಇದು. ಇದನ್ನ ಕದ್ದು ಯಾಕ ಕೊಟ್ಟಿ? ಬಾಯಿ ಬಿಟ್ಟು ಕೇಳಿದ್ರ ಆಗ್ತಿತ್ತು. ಕೊಡಲಿಲ್ಲಂದ್ರ ಜಗಳಾಡ್ಲಾಕ ಬರ್ತಿತ್ತು. ಕದ್ದ ಮ್ಯಾಲ ಜಗಳಾಡ್ಲಾಕೂ ಬರಂಗಿಲ್ಲ."

ಬಾಗಿಲಲ್ಲಿ ಕೇಶರಬಾಯಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು, ಅವನು ಸಣ್ಣವನಿದ್ದಾಗ ಜ್ವರ ಬಂದಿದೆಯೇ ಎಂದು ನೋಡುತ್ತಿದ್ದ ಹಾಗೆ. "ಈ ನೀರು ಯಾರದಿತ್ತೋ?" ಎಂದು ಕೇಳಿದಳು. ಅವನು ಲೈನಿನ ಕೊನೆಯ ಊರಿನ ಹೆಸರು ಹೇಳಿದ. ಅವಳು ಅರ್ಧ ತುಂಬಿದ ಕೊಡದ ಕಡೆ ತಿರುಗಿದಳು. "ಆ ಊರಾಗ ಯಾರಿಗಿ ಅಕ್ಕ ಇಲ್ಲೇನೋ ತಮ್ಮಾ?" ಎಂದಳು. ಬೈಯಲಿಲ್ಲ. ಒಳಗೆ ಹೋಗಿ ಮೂರು ತಾಟಿಗೆ ರೊಟ್ಟಿ ಹಾಕಿದಳು, ಭಾಭಿಯ ಪುಂಡಿಪಲ್ಯವನ್ನು ಮಕ್ಕಳಿಗೂ ಹಂಚಿದಳು. ಪಂಢರಿಯ ತಾಟಿಗೆ ಹೆಚ್ಚು ಹಾಕಿದಳು. ಆ ಹೆಚ್ಚಿನ ಪಲ್ಯವನ್ನು ನುಂಗುವುದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಇಳಿಹೊತ್ತಿನಲ್ಲಿ ಅವನು ಪಂಪ್‌ಹೌಸಿಗೆ ವಾಪಸು ಬಂದಾಗ ಮಡೆಪ್ಪ ಸಾಹೇಬರು ಜೀಪು ಹತ್ತುವವರಿದ್ದರು. ಉಸ್ತಾದರು ಬೇವಿನ ಮರದ ಹತ್ತಿರವೇ ನಿಂತುಬಿಟ್ಟರು, ಜೊತೆಗೆ ಬರಲಿಲ್ಲ. ದಾರಿಯುದ್ದಕ್ಕೂ ಪಂಢರಿ ಮಾತುಗಳನ್ನು ಜೋಡಿಸಿಕೊಂಡಿದ್ದ. ಬಾಯಿಗೆ ಬಂದದ್ದು ಬೇರೆಯೇ. "ಸಾಹೇಬ್ರಿ, ಉಸ್ತಾದರು ಹಾಕಿದ ವಾಲ್ವ್ ನೆಟ್ಟಗಿತ್ರಿ. ನಾನೇ ಅರ್ಧಾ ತೆರೆದಿಟ್ಟು ಕೆಡಿಸೀನಿ. ಮೆಹಕರದಾಗ ಬೌದ್ಧರ ಓಣಿ ನಂದ್ರಿ. ಅಲ್ಲಿಗಿ ಮೂರು ವರ್ಷದಿಂದ ಸರತಿ ನೀರು ಒಂದು ಹನಿ ಏರಿಲ್ಲ. ನಾ ಸುಳ್ಳು ಹೇಳ್ತಿದ್ದೆ."

ಮಡೆಪ್ಪ ಸಾಹೇಬರು ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ಅವರ ಮುಖ ಕೆಂಪೇರಿತು. "ಮಂದಿ ಜೀಪಿಗಿ ಅಡ್ಡ ನಿಂತು ನನ್ನ ಅವ್ವ ಅಪ್ಪನ್ನ ಎತ್ತಿ ಬೈದ್ರು, ಪಂಢರಿ. ನೀ ಮಗ್ಗಲದಾಗೇ ನಿಂತಿದ್ದಿ. ಆ ಮುದುಕ ತನ್ನದೇ ತಪ್ಪು ಅಂದಾಗೂ ಸುಮ್ಮನೇ ನಿಂತಿ." ಪಂಢರಿ ಕೈಕಟ್ಟಿಕೊಂಡು ನಿಂತಿದ್ದ. ಹೌದ್ರಿ ಎಂದು ಅನ್ನಲಿಲ್ಲ. ಸಾಹೇಬರು ಇನ್ನೂ ಏನೇನೋ ಅಂದರು, ಲಿಖಿತ ಉತ್ತರ ಕೇಳುತ್ತೇನೆಂದರು, ಇನ್ನು ನಿನ್ನ ಕೈಗೆ ಪಂಪ್‌ಹೌಸ್ ಕೊಡುವುದಿಲ್ಲವೆಂದರು. ಪಂಪಿನ ಕೋಣೆಯ ನರಸಿಂಗ ಬಾಗಿಲಿಗೆ ಬಂದು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಒಂದು ಗಳಿಗೆಯ ನಂತರ ಸಾಹೇಬರ ದನಿ ತಾನಾಗಿಯೇ ಇಳಿಯಿತು. "ಮೂರು ವರ್ಷ ಅಂದಿ?" "ಹೂಂನ್ರಿ." "ಎಲ್ಲ ಓಣಿಗಿ ನೀರು ಮುಟ್ಟ್ಯಾದ ಅಂತ ನಾನೂ ಮೂರು ವರ್ಷ ಸಹಿ ಹಾಕೀನಿ," ಎಂದರು. ಅದನ್ನು ಅವರು ಪಂಢರಿಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. "ಒಂದಿನಾನೂ ದಿಬ್ಬ ಹತ್ತಿ ನೋಡಲಿಲ್ಲ."

ಆಗ ಉಸ್ತಾದರು ಬೇವಿನ ಬುಡ ಬಿಟ್ಟು ಮುಂದೆ ಬಂದರು. ದೊಡ್ಡ ಪೈಪು ಊರು ಹೊಗುವ ಮೊದಲು ದಿಬ್ಬದ ಬುಡದಲ್ಲೇ ಹಾಯ್ದು ಹೋಗುತ್ತದೆ, ಅಲ್ಲಿಯೇ ಒಂದು ಕವಲು ತೆಗೆದು, ಎರಡಿಂಚಿನ ವಾಲ್ವು ಕೂಡಿಸಿ, ದಿಬ್ಬಕ್ಕೆ ಬೇರೆ ಸರತಿ ಇಟ್ಟರೆ ನೀರು ತನ್ನಷ್ಟಕ್ಕೆ ಏರುತ್ತದೆ ಎಂದು ಕೋಲಿನಿಂದ ಮಣ್ಣಿನಲ್ಲಿ ಗೀರಿ ತೋರಿಸಿದರು. ಸಾಹೇಬರು ಕುಕ್ಕರಗಾಲಿನಲ್ಲಿ ಕುಳಿತು ನೋಡಿದರು. ಕೇಳಲೋ ಬೇಡವೋ ಎನ್ನುವಂತೆ, "ಔರಾದಕ್ಕ ಬರ್ತೀರೇನ್ರಿ ಚಾಚಾ?" ಎಂದರು. ಉಸ್ತಾದರು ಕೋಲನ್ನು ಪಂಢರಿಯ ಕಡೆ ತೋರಿಸಿದರು. "ಇವನನ್ನ ನನ್ನ ಕೈಯಾಗ ಕೊಡ್ರಿ, ಬರ್ತೇನಿ," ಎಂದರು. "ಇವನಿಗಿ ಇನ್ನ ಕಲಿಸೋದದ."

ಹೀಗಾಗಿ ಪಂಢರಿ ಔರಾದಕ್ಕೆ ಹೋದ. ಪಂಪ್‌ಹೌಸಿನ ಬೀಗದಕೈಯನ್ನು ನರಸಿಂಗನಿಗೆ ಒಪ್ಪಿಸಿ, ತಪ್ಪೊಪ್ಪಿಗೆಯ ಕಾಗದ ಬರೆದು ಕೊಟ್ಟು, ಬಸ್ಸಿನಲ್ಲಿ ಹೋದ. ದಾರಿಯ ಚಹಾದಂಗಡಿಗಳಲ್ಲಿ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಒಬ್ಬಿಬ್ಬರು ನೀರುಗಳ್ಳ ಎಂದು ಕೇಳಿಸುವ ಹಾಗೆಯೇ ಅಂದರು. ಮೈಯೆಲ್ಲ ಉರಿಯಿತು. ಆದರೆ ರಾತ್ರಿ ನಿದ್ದೆ ಬಂತು. ಉಸ್ತಾದರು ಅವನನ್ನು ಮೊದಲ ದಿನದ ಕೆಲಸಗಾರನಂತೆ ನಡೆಸಿಕೊಂಡರು. ಬೋಲ್ಟು ಎಣ್ಣೆಯಲ್ಲಿ ತೊಳೆಸಿದರು, ಪ್ರತಿ ವಾಲ್ವನ್ನೂ ವಾರಕ್ಕೊಮ್ಮೆ ತೆರೆದು ಮುಚ್ಚಿ ಅದರ ಮೈ ಹಿಡಿಯದಂತೆ ನೋಡಿಕೊಳ್ಳಲು ಹೇಳಿದರು, ತಪ್ಪಿದರೆ ನಾಲ್ಕು ಮಂದಿಯ ಎದುರಿಗೇ ಬೈದರು. ಸಂಜೆ ಬೀದರದಿಂದ ಭಾಭಿ ಫೋನು ಮಾಡಿ, ಇವತ್ತು ಎಷ್ಟು ಬೈದರು ಎಂದು ಕೇಳಿ ನಗುತ್ತಿದ್ದಳು. ದಿಬ್ಬದ ಓಣಿಗೆ ಅಷ್ಟು ದಿನ ಎರಡು ದಿನಕ್ಕೊಮ್ಮೆ ಟ್ಯಾಂಕರು ಬಂತು. ಅಕ್ಕ ಮಾತ್ರ ಫೋನು ಮಾಡಲಿಲ್ಲ. ಅವನೂ ಮಾಡಲಿಲ್ಲ.

ಇಪ್ಪತ್ತು ದಿನದ ಮೇಲೆ ಎರಡಿಂಚಿನ ವಾಲ್ವು ಬಂದಾಗ ಉಸ್ತಾದರು ಅವನನ್ನೂ ಕರೆದುಕೊಂಡು ಮೆಹಕರಕ್ಕೆ ಬಂದರು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಓಣಿಯ ಹೆಂಗಸರು, ಮಕ್ಕಳು, ಕೆಳಗಿನ ಓಣಿಯ ನಾಲ್ಕಾರು ಜನ ಕೂಡ ಬಂದು ನಿಂತಿದ್ದರು. ಮಡೆಪ್ಪ ಸಾಹೇಬರು ಈ ಸಲ ದಿಬ್ಬ ಹತ್ತಿ ನೋಡಿ, ಇಳಿದು ಬಂದು, ಬೆವರು ಒರೆಸಿಕೊಳ್ಳುತ್ತ, ನಾಲ್ಕು ದಿನಕ್ಕೊಮ್ಮೆ ಒಂದು ತಾಸು, ಇದು ಈ ಓಣಿಯದೇ ಸರತಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹಿಡಿಕೆ ಯಾರು ತಿರುಗಿಸಬೇಕು ಎಂಬ ಮಾತು ಬಂದಾಗ ಪಂಢರಿಯ ಕಾಲು ತಾನಾಗಿಯೇ ಮುಂದೆ ಹೋಯಿತು. ಉಸ್ತಾದರು, "ಬಹೆನ್, ನೀವು ಬರ್ರಿ," ಎಂದರು. ಕೇಶರಬಾಯಿ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿದಳು. ಉಸ್ತಾದರು ಹೇಳಿಕೊಟ್ಟಂತೆ, ಮಲಗಿದ ಎಳೆಯ ಮಗುವನ್ನು ಮಗ್ಗುಲು ಹೊರಳಿಸುವ ಹಾಗೆ, ಮೆಲ್ಲಗೆ ಹಿಡಿಕೆಯನ್ನು ಪೈಪಿನಗುಂಟ ತಂದಳು. ಮೇಲೆ ನಲ್ಲಿ ಕೆಮ್ಮಿತು. ಗಾಳಿ ಉಗುಳಿತು, ಕೆಂಪು ನೀರು ಉಗುಳಿತು, ಆಮೇಲೆ ಮುಂಗೈ ದಪ್ಪಗೆ ಧುಮುಕಿತು. ಮಕ್ಕಳು ಕಿರುಚಿದರು.

ಮಕ್ಕಳ ಹಿಂದೆ ದಿಬ್ಬ ಏರಿದ ಪಂಢರಿ ಒಂದು ಪಕ್ಕಕ್ಕೆ, ಏನು ಮಾಡಬೇಕೆಂದು ತಿಳಿಯದೆ, ಕರೆಯದೆ ಬಂದ ಬೀಗನ ಹಾಗೆ ನಿಂತಿದ್ದ. ದಿಬ್ಬ ಏರಿ ಬಂದ ಅಕ್ಕ ಅವನ ಮುಂದೆ ನಿಂತಳು. ಇಪ್ಪತ್ತು ದಿನದ ಮಾತನ್ನೆಲ್ಲ ಈಗ ಹೇಳುತ್ತಾಳೆ ಎಂದುಕೊಂಡ. ಅವಳು ಬಗಲಲ್ಲಿದ್ದ ಖಾಲಿ ಕೊಡವನ್ನು ಅವನ ಕೈಗೆ ಕೊಟ್ಟಳು. "ಸುಮ್ಮ ನಿಂತು ಏನ್ ನೋಡ್ತಿ? ಹೋಗು, ಪಾಳಿ ಹಚ್ಚು," ಎಂದಳು.

ಅವನು ಹೋಗಿ ಕೊನೆಯಲ್ಲಿ ನಿಂತ. ಮುಂದೆ ಹನ್ನೆರಡು ಕೊಡಗಳಿದ್ದವು. ಅವನ ಮುಂದೆಯೇ ಓಣಿಯ ಒಂದು ಹುಡುಗಿ, ಎಂಟು ವರ್ಷದವಳಿರಬೇಕು, ತನ್ನಷ್ಟೇ ದೊಡ್ಡ ಕೊಡ ಹಿಡಿದು ನಿಂತಿತ್ತು. ನೀರಿನ ಸದ್ದು ಕೇಳುತ್ತ ಕೇಳುತ್ತ ಅವನು ಮುಂದಕ್ಕೆ ವಾಲಿದ್ದನೋ ಏನೋ, ಅದು ತಿರುಗಿ ಹುಬ್ಬು ಗಂಟಿಕ್ಕಿ ಅವನನ್ನು ನೋಡಿತು.

"ಮಾಮಾ, ದೂಕಬ್ಯಾಡ್ರಿ," ಎಂದಿತು. "ಎಲ್ಲರಿಗಿ ಬರ್ತದ."